ನಿಂತ ನದಿಯ ದಡದ ಊರು ನರಸಿಂಹರಾಜಪುರ

ಮಕ್ಕಳಿಗೆ ರಜೆ ಬಂತೆಂದರೆ ಮನೆಯಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಊಟಿ, ಮೈಸೂರು, ಜೋಗ, ಕೊಡಗು ಎಂದು ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ಆ ಪಟ್ಟಿಯಲ್ಲಿ ಬರುವುದು ಅಪರೂಪ. ಶೃಂಗೇರಿಗೋ ಕೊಪ್ಪಕ್ಕೋ ಹೋಗುವವರು ಬಸ್ಸಿನ ಬೋರ್ಡಿನಲ್ಲಿ ‘ಎನ್.ಆರ್. ಪುರ’ ಎಂದು ಓದಿ ಸುಮ್ಮನಾಗುತ್ತಾರೆ. ಆದರೆ ಓದುಗ ಸಹೋದರಿಯರೇ, ನಿಮ್ಮ ಮನೆಯ ಅಕ್ಕಿ ದಾವಣಗೆರೆ, ಹರಿಹರ ಅಥವಾ ಭದ್ರಾವತಿ ಕಡೆಯ ಗದ್ದೆಯಿಂದ ಬಂದದ್ದಾದರೆ ಈ ಪುಟ್ಟ ಊರಿಗೂ ನಿಮ್ಮ ಅಡುಗೆಮನೆಗೂ ಒಂದು ನಂಟಿದೆ. ಆ ನಂಟು ಏನೆಂಬುದನ್ನು ತಿಳಿದುಕೊಂಡು ಹೋದರೆ ಅಲ್ಲಿ ಕಾಣುವ ನೀರು ಬರಿಯ ನೋಟವಾಗಿ ಉಳಿಯುವುದಿಲ್ಲ.

ಎರಡು ನದಿಗಳ ನಡುವಿನ ಸೀಮೆ

ಮೊದಲು ಈ ಸೀಮೆಯ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಕುದುರೆಮುಖದ ಕಾಡಿನಲ್ಲಿ ಗಂಗಾಮೂಲ ಎಂಬ ಜಾಗವಿದೆ. ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವುದು ಅಲ್ಲಿಯೇ. ಹುಟ್ಟಿದ ಮೇಲೆ ಅಕ್ಕತಂಗಿಯರಂತೆ ಬೇರೆ ಬೇರೆ ಮನೆ ಸೇರುತ್ತವೆ. ತುಂಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಯ ದಾರಿ ಹಿಡಿದು ಶಿವಮೊಗ್ಗಕ್ಕೆ ಬರುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಮಗ್ಗುಲಿನಿಂದ ಭದ್ರಾವತಿಯ ಕಡೆ ಸಾಗುತ್ತದೆ. ಶಿವಮೊಗ್ಗದ ಸಮೀಪ ಕೂಡ್ಲಿಯಲ್ಲಿ ಎರಡೂ ಮತ್ತೆ ಸೇರಿ ತುಂಗಭದ್ರೆಯಾಗುತ್ತವೆ.

ಅಗಲಿದಲ್ಲಿಂದ ಕೂಡುವವರೆಗೆ ಈ ಎರಡು ನದಿಗಳು ಹಿಡಿದುಕೊಂಡಿರುವ ನೆಲದಲ್ಲಿಯೇ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳು ಹರಡಿಕೊಂಡಿವೆ. ಗುಡ್ಡ, ಕಣಿವೆ, ಅಡಿಕೆ ತೋಟ, ಕಾಫಿ ತೋಟ, ನಡುವೆ ತುಂಡು ತುಂಡು ಗದ್ದೆ. ಮನೆಗಳು ಒಂದಕ್ಕೊಂದು ಕೂಗಳತೆಗೆ ಸಿಗದಷ್ಟು ದೂರ. ಆದ್ದರಿಂದ ಇಲ್ಲಿ ಪೇಟೆ ಎಂದರೆ ಸುತ್ತಲಿನ ಹಳ್ಳಿಗಳ ಜನ ಒಬ್ಬರ ಮುಖ ಒಬ್ಬರು ನೋಡುವ ಜಾಗ.

ಎಡೇಹಳ್ಳಿಗೆ ಹೊಸ ಹೆಸರು

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಇಲ್ಲಿಗೆ ಭೇಟಿ ನೀಡಿದ ನೆನಪಿಗಾಗಿ 1915ರಲ್ಲಿ ಊರಿಗೆ ಅವರ ಹೆಸರಿಡಲಾಯಿತು. ಇವರು ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ ತಂದೆ. ಉದ್ದದ ಹೆಸರು ಜನರ ಬಾಯಲ್ಲಿ ‘ಎನ್.ಆರ್. ಪುರ’ ಎಂದು ಮೊಟಕಾಯಿತು.

ಕಾಡಿನ ನಡುವಿನ ಈ ಊರಿಗೆ ಒಂದು ಕಾಲದಲ್ಲಿ ರೈಲು ಇತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕೇವಲ ಎರಡು ಅಡಿ ಅಗಲದ ಹಳಿಯ ಮೇಲೆ ಚಿಕ್ಕ ರೈಲೊಂದು ಓಡುತ್ತಿತ್ತು. ಮಲೆನಾಡಿನ ಮರಮಟ್ಟಿಗೆ ಆಗ ಬಹಳ ಬೆಲೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದರ ಕುಲುಮೆಗೆ ಬೇಕಾದ ಇದ್ದಿಲು ಬಂದದ್ದು ಇಂತಹ ಕಾಡುಗಳಿಂದಲೇ. ಆ ಚಿಕ್ಕ ರೈಲು ಈಗಿಲ್ಲ. ಇಂದು ನರಸಿಂಹರಾಜಪುರಕ್ಕೆ ಹೋಗುವವರು ಶಿವಮೊಗ್ಗ, ಭದ್ರಾವತಿ ಅಥವಾ ತರೀಕೆರೆಯಲ್ಲಿ ರೈಲಿನಿಂದ ಇಳಿದು ರಸ್ತೆ ಹಿಡಿಯಬೇಕು.

ನದಿ ನಿಂತಾಗ

ಊರಿನ ಇತಿಹಾಸವನ್ನೇ ತಿರುಗಿಸಿದ ಘಟನೆ ಭದ್ರಾ ಅಣೆಕಟ್ಟು. ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿ 1947ರಲ್ಲಿ ಇದರ ಕೆಲಸ ಶುರುವಾಯಿತು. 1960ರ ದಶಕದಲ್ಲಿ ಮುಗಿಯಿತು. ಜಲಾಶಯದ ಪೂರ್ಣ ಮಟ್ಟ 186 ಅಡಿ. ಅದು ಹಿಡಿಯುವ ನೀರು 71.5 ಟಿಎಂಸಿ. ಪತ್ರಿಕೆಗಳಲ್ಲಿ ದಿನವೂ ಈ ಟಿಎಂಸಿ ಎಂಬ ಪದ ಓದುತ್ತೇವೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್ ನೀರು. ಅಂಥದ್ದು ಎಪ್ಪತ್ತೊಂದೂವರೆ!

ಇಷ್ಟು ನೀರಿಗೆ ನಿಲ್ಲಲು ಜಾಗ ಬೇಕಲ್ಲ? ಆ ಜಾಗವನ್ನು ಕೊಟ್ಟದ್ದು ಅಣೆಕಟ್ಟಿನ ಹಿಂದಿನ ಕಣಿವೆ. ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಮೇಲೆ ನೀರು ಹರಡಿತು. ಕಾಡು ಮುಳುಗಿತು, ಗದ್ದೆ ಮುಳುಗಿತು, ಮನೆಗಳೂ ಹಳ್ಳಿಗಳೂ ಮುಳುಗಿದವು. ಅಲ್ಲಿದ್ದ ಕುಟುಂಬಗಳು ಪಾತ್ರೆಪಗಡ, ದನಕರು ಕಟ್ಟಿಕೊಂಡು ಮೇಲಿನ ಗುಡ್ಡಗಳಿಗೂ ದೂರದ ಊರುಗಳಿಗೂ ಹೊರಟವು. ಹೊಸ ಜಾಗದಲ್ಲಿ ಕಾಡು ಕಡಿದು ಮತ್ತೆ ಒಂದರಿಂದ ಎಣಿಕೆ ಶುರು. ಹೆಣ್ಣಿಗೆ ಮನೆ ಬಿಡುವುದೆಂದರೆ ಗೋಡೆ, ಮಾಡು ಬಿಡುವುದಷ್ಟೇ ಅಲ್ಲ. ನೀರು ಸೇದುತ್ತಿದ್ದ ಬಾವಿ, ನೆರೆಮನೆಯ ಗೆಳತಿ, ಹೆರಿಗೆಗೆ ಓಡಿಬರುತ್ತಿದ್ದ ಮುದುಕಿ, ಹಿರಿಯರನ್ನು ಮಣ್ಣು ಮಾಡಿದ ನೆಲ, ಇವೆಲ್ಲವೂ ಒಟ್ಟಿಗೆ ಬಿಟ್ಟುಹೋಗುತ್ತವೆ. ಸರಕಾರದ ಪರಿಹಾರದ ಲೆಕ್ಕದಲ್ಲಿ ಇವುಗಳಿಗೆ ಕಾಲಂ ಇರುವುದಿಲ್ಲ.

ಒಮ್ಮೆ ಮದ್ರಸದ ಮಕ್ಕಳ ಜೊತೆ ಇಲ್ಲಿಗೆ ಹೋಗಿದ್ದಾಗ ಹುಡುಗಿಯೊಬ್ಬಳು, “ಉಸ್ತಾದ್, ಇದು ಕೆರೆಯೋ ನದಿಯೋ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಇದು ನಿಂತಿರುವ ನದಿ. ಮಳೆಗಾಲ ಮುಗಿದ ಹೊಸತರಲ್ಲಿ ನೀರು ಗುಡ್ಡದ ಬುಡದವರೆಗೆ ಬಂದು ಸಮುದ್ರದಂತೆ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಕೆಸರು ಬಿರಿದು, ಅರವತ್ತು ವರ್ಷಕ್ಕೂ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಕಪ್ಪಗೆ ತಲೆಯೆತ್ತುತ್ತವೆ. ನೀರು ತುಂಬಿದಾಗ ಕಣ್ಣಿಗೆ ಹಬ್ಬ, ಇಳಿದಾಗ ಇತಿಹಾಸದ ಪಾಠ. ಸಾಧ್ಯವಾದರೆ ಎರಡು ಕಾಲದಲ್ಲೂ ನೋಡಬೇಕು.

ಯಾರ ನೆಲ, ಯಾರ ಅನ್ನ

ಈಗ ಅಣೆಕಟ್ಟಿನ ಆಚೆ ಕಡೆ ನೋಡಿ. ಭದ್ರಾ ನಾಲೆಗಳು ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರು ಕೊಡುತ್ತವೆ. ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಬಯಲಿನಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆಯುವಂತಾದದ್ದು ಈ ನೀರಿನಿಂದ. ಜೋಳ, ರಾಗಿ ತಿನ್ನುತ್ತಿದ್ದ ಊರುಗಳಿಗೆ ಅನ್ನದ ತಟ್ಟೆ ಬಂತು. ಸಾವಿರಾರು ಬಡ ಕುಟುಂಬಗಳಿಗೆ ನಾಟಿ, ಕೊಯ್ಲು, ಅಕ್ಕಿ ಗಿರಣಿಯ ಕೆಲಸ ಸಿಕ್ಕಿತು. ಅಣೆಕಟ್ಟು ಕಟ್ಟಿದ್ದೇ ತಪ್ಪು ಎಂದು ಹೇಳಲು ಬಾಯಿ ಬರುವುದಿಲ್ಲ. ಆದರೆ ಒಬ್ಬರ ಹೊಲ ಹಸಿರಾಗಲು ಇನ್ನೊಬ್ಬರ ಹೊಲ ನೀರಿನಡಿ ಹೋಯಿತು ಎಂಬುದನ್ನು ಮರೆಯುವುದೂ ನ್ಯಾಯವಲ್ಲ. ಉಂಡ ಮನೆಯನ್ನು ನೆನೆಯಬೇಕು ಎನ್ನುತ್ತೇವಲ್ಲ, ಇಡೀ ಒಂದು ಸೀಮೆ ನೆನೆಯಬೇಕಾದ ಮನೆ ಇದು.

ನೀರಿನ ತಕರಾರು ಇನ್ನೂ ಮುಗಿದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಗೆ ನೀರು ಬಿಡುವ ವಿಚಾರಕ್ಕೆ ದಾವಣಗೆರೆ ಭಾಗದ ರೈತರು ಬೀದಿಗೆ ಇಳಿದಿದ್ದರು. ಇದರ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆ ಬಂದಿದೆ. ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರೆಗೆ ಹಾಕುವುದು, ಭದ್ರೆಯಿಂದ 29.9 ಟಿಎಂಸಿಯನ್ನು ಚಿತ್ರದುರ್ಗ, ತುಮಕೂರಿನಂತಹ ಬರದ ನಾಡಿಗೆ ಒಯ್ಯುವುದು ಇದರ ಉದ್ದೇಶ. ನೀರು ಎತ್ತುವ ಕಾಮಗಾರಿಯ ದಾರಿ ನರಸಿಂಹರಾಜಪುರ ತಾಲೂಕಿನ ಮುತ್ತಿನಕೊಪ್ಪದ ಕಡೆಯಿಂದಲೇ. ಕೂಡ್ಲಿಯಲ್ಲಿ ಕೂಡಬೇಕಾದ ಅಕ್ಕತಂಗಿಯರನ್ನು ಮನುಷ್ಯ ಇಲ್ಲಿಯೇ ಕೂಡಿಸಲು ಹೊರಟಿದ್ದಾನೆ. ಚಿತ್ರದುರ್ಗದ ತಾಯಂದಿರು ಕೊಡ ಹಿಡಿದು ಮೈಲಿಗಟ್ಟಲೆ ನಡೆಯುವುದನ್ನು ಕಂಡವರಿಗೆ ಈ ಯೋಜನೆಯ ಅಗತ್ಯ ತಿಳಿಯುತ್ತದೆ. ಮಲೆನಾಡಿನವರು ‘ಮತ್ತೆ ನಮ್ಮ ನೆಲವೇ ಏಕೆ?’ ಎಂದು ಕೇಳಿದರೆ ಅದಕ್ಕೂ ಕಿವಿಗೊಡಬೇಕು. ನೀರು ಅಲ್ಲಾಹನ ಅನುಗ್ರಹ. ಅದನ್ನು ಹಂಚುವ ಹೊಣೆ ಮಾತ್ರ ಮನುಷ್ಯನದ್ದು.

ಬಂದು ನೆಲೆಸಿದವರು, ದುಡಿಯುವ ಕೈಗಳು

ಪೇಟೆಯಲ್ಲಿ ಅರ್ಧ ಗಂಟೆ ನಡೆದರೆ ನಾಲ್ಕೈದು ಭಾಷೆಗಳು ಕಿವಿಗೆ ಬೀಳುತ್ತವೆ. ಮಲೆನಾಡಿನ ಕನ್ನಡ, ಉರ್ದು, ತುಳು, ಬ್ಯಾರಿ, ಮಲಯಾಳಂ. ಘಟ್ಟದ ಕೆಳಗಿನಿಂದ ಬ್ಯಾರಿಗಳು ವ್ಯಾಪಾರಕ್ಕೆಂದು ಹತ್ತಿ ಬಂದು ಬಾಳೆಹೊನ್ನೂರು, ಕೊಪ್ಪದ ಕಡೆ ಅಂಗಡಿ ಇಟ್ಟರು. ಕೇರಳದಿಂದ ಕ್ರೈಸ್ತ ಮತ್ತು ಮುಸ್ಲಿಮ್ ಕುಟುಂಬಗಳು ಬಂದು ರಬ್ಬರ್, ಶುಂಠಿ ಬೆಳೆದವು. ಒಂದು ಮನೆಯಲ್ಲಿ ಕಡುಬು, ಪಕ್ಕದ ಮನೆಯಲ್ಲಿ ಪತ್ತಿರಿ, ಆಚೆ ಮನೆಯಲ್ಲಿ ಅಕ್ಕಿ ರೊಟ್ಟಿ. ಎಲ್ಲದಕ್ಕೂ ಜೊತೆಯಾಗುವುದು ಹಿನ್ನೀರಿನ ಮೀನು. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬ ಲೆಕ್ಕ ಹಾಕುವುದಕ್ಕಿಂತ ಒಟ್ಟಿಗೆ ಬದುಕುವುದು ಸುಲಭ ಎಂದು ಇಂತಹ ಊರುಗಳು ಮಾತಿಲ್ಲದೆ ಹೇಳುತ್ತವೆ.

ಅಕ್ಟೋಬರಿನಿಂದ ಜನವರಿಯ ನಡುವೆ ಹೋದರೆ ಅಡಿಕೆ ಸುಗ್ಗಿಯನ್ನು ನೋಡಬಹುದು. ಹಸಿ ಅಡಿಕೆಯ ರಾಶಿಯ ಸುತ್ತ ಹೆಂಗಸರು ಕುಳಿತು ಕತ್ತಿಗೆ ಕಾಯಿ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಸುಲಿದ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸಿ, ಅಟ್ಟದ ಮೇಲೆ ಒಣಗಿಸಿದರೆ ಕೆಂಪಡಿಕೆ. ತೋಟದ ಯಜಮಾನರ ಹೆಸರು ಮಂಡಿಯ ಪುಸ್ತಕದಲ್ಲಿರುತ್ತದೆ. ಚೊಗರಿನಿಂದ ಕಪ್ಪಾದ ಈ ಕೈಗಳ ಹೆಸರು ಎಲ್ಲಿಯೂ ಇರುವುದಿಲ್ಲ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ ಭಾಗದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟ ಸೋತರೆ ಯಜಮಾನನಿಗೆ ಸಾಲ, ಸುಲಿಯುವವಳಿಗೆ ಕೆಲಸವೇ ಇಲ್ಲ.

ಈ ಸೀಮೆಯ ಬಸ್ಸಿನ ಕಥೆಯನ್ನೂ ಹೇಳಲೇಬೇಕು. ಕೊಪ್ಪದಲ್ಲಿ ಖಾಸಗಿ ಬಸ್ ಕಂಪೆನಿಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ ಓಡಿಸಿದರು. ‘ಸಹಕಾರ ಸಾರಿಗೆ’ ಎಂಬ ಹೆಸರಿನ ಆ ಬಸ್ಸುಗಳು ಮಲೆನಾಡಿನ ಮೂಲೆಮೂಲೆಗೂ ಹೋದವು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಇತ್ತು. ಕಾಡಿನ ನಡುವಿನ ಮನೆಯ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಲು ಇಂತಹ ಬಸ್ಸೇ ಆಸರೆ. ನಷ್ಟ ತಾಳಲಾರದೆ 2020ರಲ್ಲಿ ಅದು ನಿಂತುಹೋಯಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ಮಲೆನಾಡಿನ ದಾರಿಗಳಲ್ಲಿ ಆ ಪ್ರಯೋಜನ ಪೂರ್ತಿ ಸಿಗುವುದು ಹೇಗೆ? ಬಸ್ಸಿಗಾಗಿ ಕೈಚೀಲ ಹಿಡಿದು ನಿಂತ ತಾಯಂದಿರನ್ನು ನೋಡಿದಾಗ ಈ ಪ್ರಶ್ನೆ ಮೂಡುತ್ತದೆ.

ನೋಡಲು ಏನೇನಿದೆ

ಮೊದಲನೆಯದು ಹಿನ್ನೀರು. ಬೆಳಿಗ್ಗೆ ಬೇಗ ಹೋಗಿ. ಆಚೆ ದಡದ ಕಾಡಿನ ಮೇಲೆ ಬೆಟ್ಟಸಾಲು, ಅದರ ಮೇಲಿಂದ ಬಿಸಿಲು, ಕೆಳಗೆ ಅಲುಗಾಡದ ನೀರು. ಆಚೆಯ ಕಾಡು ಭದ್ರಾ ಅಭಯಾರಣ್ಯ. 1998ರಲ್ಲಿ ಇದು ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ ಹಳ್ಳಿಗಳ ಜನರನ್ನು 2002ರ ಹೊತ್ತಿಗೆ ಹೊರಗೆ ನೆಲೆಗೊಳಿಸಲಾಯಿತು. ಅಣೆಕಟ್ಟಿಗಾಗಿ ಒಮ್ಮೆ, ಹುಲಿಗಾಗಿ ಇನ್ನೊಮ್ಮೆ, ಈ ಕಣಿವೆಯ ಜನ ಎರಡು ಬಾರಿ ಗಂಟುಮೂಟೆ ಕಟ್ಟಿದ್ದಾರೆ. ಎರಡನೆಯ ಬಾರಿ ಭೂಮಿ, ಮನೆ, ಶಾಲೆಯ ವ್ಯವಸ್ಥೆ ಮೊದಲಿಗಿಂತ ಚೆನ್ನಾಗಿ ನಡೆಯಿತು ಎಂಬ ಮೆಚ್ಚುಗೆಯಿದೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಎಂಬ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರಿಯ ನೆಲದಲ್ಲಿಯೇ ಮೊಟ್ಟೆಯಿಡುತ್ತವೆ. ಇದನ್ನು ನೋಡಲು ಮತ್ತು ದೋಣಿ ಸಫಾರಿಗೆ ಲಕ್ಕವಳ್ಳಿಯ ಕಡೆಯಿಂದ ವ್ಯವಸ್ಥೆಯಿದೆ.

ಊರಿನಲ್ಲಿ ಸಿಂಹನಗದ್ದೆಯ ಜೈನ ಬಸ್ತಿಮಠವಿದೆ. ಅಲ್ಲಿ ಜ್ವಾಲಾಮಾಲಿನಿಯ ಗುಡಿಯಿದ್ದು ದೂರದೂರದ ಜೈನರು ಬರುತ್ತಾರೆ. ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಬಾಳೆಹೊನ್ನೂರಿನಲ್ಲಿ ಭದ್ರೆ ಇನ್ನೂ ಹರಿಯುವ ನದಿ. ವೀರಶೈವರ ರಂಭಾಪುರಿ ಪೀಠ ಅಲ್ಲಿದೆ. ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಸಮೀಪ. ಎಲೆ ತುಕ್ಕು ರೋಗ ಕಾಫಿ ತೋಟಗಳನ್ನು ಹಾಳುಮಾಡುತ್ತಿದ್ದಾಗ 1925ರಲ್ಲಿ ಶುರುವಾದ ಪ್ರಯೋಗ ಕೇಂದ್ರವದು. ಹಜ್‌ನಿಂದ ಮರಳುವಾಗ ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ಇದೇ ಜಿಲ್ಲೆಯ ಗಿರಿಯಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬುದು ಹದಿನೇಳನೆಯ ಶತಮಾನದ ಪ್ರತೀತಿ. ನಮ್ಮ ಬೆಳಗಿನ ಲೋಟದಲ್ಲಿರುವ ಕಾಫಿಗೆ ಅಷ್ಟು ದೂರದ ಪ್ರಯಾಣದ ನೆನಪಿದೆ.

ಇನ್ನೂ ಒಂದು ದಿನ ಕೈಯಲ್ಲಿದ್ದರೆ ಕೊಪ್ಪದ ಮೂಲಕ ಶೃಂಗೇರಿಗೆ ಹೋಗಿಬನ್ನಿ. ಕೊಪ್ಪ ಸುಮಾರು ಮೂವತ್ತು ಕಿಲೋಮೀಟರ್, ಅಲ್ಲಿಂದ ಮುಂದೆ ಶೃಂಗೇರಿಗೆ ಹೆಚ್ಚುಕಡಿಮೆ ಅಷ್ಟೇ. ಮಹಾಕವಿ ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅವರು ಬೆಳೆದ ಕುಪ್ಪಳಿಯ ಮನೆ ಪಕ್ಕದ ತೀರ್ಥಹಳ್ಳಿ ತಾಲೂಕಿನಲ್ಲಿದ್ದು ಈಗ ವಸ್ತುಸಂಗ್ರಹಾಲಯವಾಗಿದೆ. ಹಳೆಯ ಮಲೆನಾಡಿನ ಅಡುಗೆಮನೆ, ಕಣಜ, ಒರಳುಗಳನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ದೊಡ್ಡ ದೊಡ್ಡ ಮೀನುಗಳು ಭಯವಿಲ್ಲದೆ ಈಜುತ್ತವೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಕಲ್ಲಿನ ಕೆತ್ತನೆ ಹೊರಗಿನಿಂದ ನೋಡಿದರೂ ಬೆರಗು ಹುಟ್ಟಿಸುತ್ತದೆ. ನಮ್ಮ ಓದುಗರು ತಿಳಿಯಬೇಕಾದ ಇನ್ನೊಂದು ಸಂಗತಿ ಇಲ್ಲಿದೆ. 1791ರ ಯುದ್ಧದ ಗೊಂದಲದಲ್ಲಿ ಮರಾಠಾ ಸೇನೆಯ ಜೊತೆಗಿದ್ದ ಕುದುರೆ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆಗಿನ ಸ್ವಾಮಿಗಳು ನೆರವು ಕೋರಿದ್ದು ಟಿಪ್ಪು ಸುಲ್ತಾನರಲ್ಲಿ. ಮಠಕ್ಕೆ ಹಣ ಮತ್ತು ಸಾಮಗ್ರಿ ಒದಗಿಸುವಂತೆ ಸುಲ್ತಾನರು ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದರು. ಗೌರವ ತುಂಬಿದ ಕನ್ನಡದಲ್ಲಿ ಬರೆದ ಆ ಪತ್ರಗಳು ಮಠದಲ್ಲಿಯೇ ಉಳಿದಿದ್ದವು. ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಟಿಪ್ಪುವಿನ ಬಗ್ಗೆ ಇಂದು ಏರುದನಿಯ ವಾದಗಳು ನಡೆಯುತ್ತವೆ. ಮಠ ಜೋಪಾನ ಮಾಡಿದ ಪತ್ರ, ಅದನ್ನು ಹುಡುಕಿ ಲೋಕಕ್ಕೆ ಕೊಟ್ಟ ವಿದ್ವಾಂಸ, ಇವೆರಡನ್ನೂ ಮಕ್ಕಳಿಗೆ ತಿಳಿಸಿದರೆ ವಾದಕ್ಕಿಂತ ಹೆಚ್ಚು ಉಪಯೋಗವಾದೀತು.

ಹೊರಡುವ ಮೊದಲು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗಲು ಒಳ್ಳೆಯ ಕಾಲ. ಮಳೆಗಾಲದ ಸೊಬಗೇ ಬೇರೆ, ಆದರೆ ಇಂಬಳಗಳ ಕಾಟವಿದೆ, ರಸ್ತೆಗೆ ಮರ ಬೀಳುವುದೂ ಉಂಟು. ಶಿವಮೊಗ್ಗದಿಂದ ನರಸಿಂಹರಾಜಪುರಕ್ಕೆ ಸುಮಾರು ಐವತ್ತು ಕಿಲೋಮೀಟರ್. ಪೇಟೆಯಲ್ಲಿ ಮಸೀದಿಯಿದೆ. ಹೆಣ್ಣುಮಕ್ಕಳ ನಮಾಝ್‌ಗಾಗಿ ಚಾಪೆಯೊಂದನ್ನು ಚೀಲದಲ್ಲಿಟ್ಟುಕೊಂಡರೆ ಎಲ್ಲಿಯೂ ತೊಂದರೆಯಿಲ್ಲ.

ಮೂರು ಎಚ್ಚರಿಕೆಗಳು. ಒಂದು, ಹಿನ್ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಕೆಸರು, ಹೊಂಡ, ಮರದ ಬೊಡ್ಡೆಗಳಿವೆ. ಮಕ್ಕಳ ಕೈ ಬಿಡಲೇಬೇಡಿ. ಎರಡು, ಡಿಸೆಂಬರಿನಿಂದ ಮೇ ತನಕ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆಯ ಕಡಿತದಿಂದ ಬರುತ್ತದೆ. ಕಾಡಿನೊಳಗೆ ಅಲೆಯಬೇಡಿ, ಮೈತುಂಬ ಬಟ್ಟೆ ಧರಿಸಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಹಿಂದಿರುಗಿದ ನಂತರ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಮೂರು, ಆನೆಗಳು ತೋಟಕ್ಕೂ ರಸ್ತೆಗೂ ಬರುತ್ತವೆ. ಕತ್ತಲಾದ ಮೇಲೆ, ನಸುಕಿನಲ್ಲಿ ಕಾಡುದಾರಿಯಲ್ಲಿ ನಡೆಯಬೇಡಿ. ಹಿನ್ನೀರಿಗೆ ಹೊರಡುವ ಮೊದಲು ಆನೆ ಓಡಾಟದ ಬಗ್ಗೆ ಊರವರನ್ನು ಕೇಳಿಕೊಳ್ಳಿ.

ಇನ್ನೊಂದು ಮಾತು. ಹಿನ್ನೀರಿನ ದಡದಲ್ಲಿ ಊಟ ಕಟ್ಟಿಕೊಂಡು ಹೋಗಿ ಕುಳಿತು ಉಣ್ಣುವ ಸುಖವೇ ಸುಖ. ಆದರೆ ಎದ್ದು ಬರುವಾಗ ಪ್ಲಾಸ್ಟಿಕ್ ತಟ್ಟೆ, ಲೋಟ, ಬಾಟಲಿಗಳನ್ನು ಚೀಲಕ್ಕೆ ತುಂಬಿ ತನ್ನಿ. ಅದು ಯಾರೋ ಒಬ್ಬರ ಗದ್ದೆಯಾಗಿದ್ದ ನೆಲ, ಯಾರೋ ಒಬ್ಬರ ಹಿರಿಯರು ಮಲಗಿರುವ ಮಣ್ಣು. ಅಲ್ಲಿಂದ ಕೆಳಗೆ ಹೋಗುವ ನೀರನ್ನು ಲಕ್ಷಾಂತರ ಮಂದಿ ಕುಡಿಯುತ್ತಾರೆ. ಊರಿನಲ್ಲಿ ಹಿರಿಯರು ಯಾರಾದರೂ ಮಾತಿಗೆ ಸಿಕ್ಕಿದರೆ, ‘ನೀರು ಬರುವ ಮೊದಲು ಇಲ್ಲಿ ಏನಿತ್ತು?’ ಎಂದು ಕೇಳಿ. ಆ ಕಾಲವನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಅವರು ಹೇಳುವುದನ್ನು ನಿಮ್ಮ ಮಕ್ಕಳು ಪಕ್ಕದಲ್ಲಿ ಕುಳಿತು ಕೇಳಲಿ.